ಹೆಸರಿಡುವವರಿಲ್ಲದ ಕಡಲು

ನ್ಯೂಜೆರ್ಸಿಯ ಎಡಿಸನ್‌ನಿಂದ ಮಾರಿಸ್‌ಟೌನ್‌ಗೆ ದಿನಾ ಬೆಳಿಗ್ಗೆ ಟೂ ಎಯ್ಟಿ ಸೆವೆನ್ ಹೈವೇಯಲ್ಲಿ ಹೋಗಿ ಬಂದವರಿಗೆ ನಾನು ಹೇಳುವುದು ಗೊತ್ತಿರುತ್ತದೆ. ಆ ಟ್ರಾಫಿಕ್ಕಿನಲ್ಲಿ ಪಕ್ಕದ ಸೀಟಿನವರ ಜಾತಕ ನಮಗೆ ಬಾಯಿಪಾಠವಾಗಿಬಿಡುತ್ತದೆ. ನನ್ನ ಪಕ್ಕದ ಸೀಟಿನವಳು ಹಂಸಿನಿ. ಇಬ್ಬರದೂ ಒಂದೇ ಆಫೀಸು. ನಾನು ಅಲ್ಲಿ ಪೇರೋಲ್, ಅಂದರೆ ಸಂಬಳದ ಲೆಕ್ಕ, ನೋಡಿಕೊಳ್ಳುತ್ತೇನೆ, ಅವಳು ಹವಾಮಾನ ನೋಡುತ್ತಾಳೆ. ‘ಈ ದಾರಿಯಲ್ಲಿ ಗಾಳಿ ಎದ್ದಿದೆ, ಸ್ವಲ್ಪ ಸುತ್ತು ಹಾಕಿಕೊಂಡು ಹೋಗಿ’ ಎಂದು ಹಡಗಿನವರಿಗೆ ಹೇಳುವುದೇ ನಮ್ಮ ಕಂಪನಿಯ ಕಸುಬು.

ನನ್ನ ಹೆಸರು ತ್ರಿಪುರಸುಂದರಿ. ಮೈಸೂರಿನಲ್ಲಿ ಅಜ್ಜಿ ಆಸೆಪಟ್ಟು ಇಟ್ಟ ಹೆಸರು. ಆಫೀಸಿನವರು ಅದನ್ನು ಕೊಚ್ಚಿ ‘ಟ್ರಿಪ್’ ಮಾಡಿಕೊಂಡಿದ್ದಾರೆ. ಹೆಸರಿನ ವಿಷಯದಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ. ‘ತ್ರಿಪುರಾ ಆಂಟಿ’ ಎಂದು ಪೂರಾ ಬಾಯಿ ಬಿಟ್ಟು ಕರೆಯುವವಳು ಹಂಸಿನಿ ಒಬ್ಬಳೇ. ಅದಕ್ಕೇ ಅವಳನ್ನು ಕಾರಿಗೆ ಹತ್ತಿಸಿಕೊಂಡೆ ಎಂದು ನಾನು ಅವಳನ್ನು ರೇಗಿಸುವುದುಂಟು.

ಅವಳೂ ಮೈಸೂರಿನವಳೇ, ಸರಸ್ವತಿಪುರಂ. ಅಲ್ಲಿ ಫಿಸಿಕ್ಸ್ ಓದಿ, ಇಲ್ಲಿಗೆ ಬಂದು ಹವಾಮಾನ ಓದಿದಳು. ಮದುವೆಯಾದದ್ದು ಬಸವನಗುಡಿಯ ವಸಿಷ್ಠನನ್ನು. ಅವನು ಮೆಟ್ರೋಪಾರ್ಕ್‌ನಿಂದ ಟ್ರೈನ್ ಹಿಡಿದು ನ್ಯೂಯಾರ್ಕಿನ ಬ್ಯಾಂಕೊಂದಕ್ಕೆ ಕಮ್ಯೂಟ್ ಮಾಡುತ್ತಿದ್ದ. ಮಾತು ಕಡಿಮೆ, ಕಾಫಿ ಮಾತ್ರ ಬಲು ಚೆನ್ನಾಗಿ ಮಾಡುತ್ತಿದ್ದ. ಹಂಸಿನಿಯದು ಇನ್ನೊಂದು ತಮಾಷೆ. ಪ್ರಪಂಚದ ಆ ತುದಿಯ ಮೋಡವನ್ನು ಸ್ಯಾಟಲೈಟ್‌ನಲ್ಲಿ ನೋಡಿ ಅದರ ಗುಣ ಹೇಳುವ ಹುಡುಗಿ ಮನೆಯಿಂದ ಹೊರಡುವಾಗ ಕಿಟಕಿಯಿಂದ ಒಮ್ಮೆಯೂ ತಲೆ ಎತ್ತಿ ನೋಡುತ್ತಿರಲಿಲ್ಲ. ಮಳೆ ಬಂದರೆ ನನ್ನ ಛತ್ರಿಯೊಳಗೆ ತೂರಿಕೊಂಡು “ಇವತ್ತು ಮಳೆ ಅಂತ ಹೇಳಿದ್ರಾ ಆಂಟಿ?” ಅನ್ನುತ್ತಿದ್ದಳು.

ಎರಡು ಸಾವಿರದ ಹದಿನೆಂಟರ ಏಪ್ರಿಲ್‌ನಲ್ಲಿ ಅವಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು. ಅಂಗೈಯಲ್ಲಿ ಹಿಡಿಸುವಷ್ಟು ಮಗು, ಆದರೆ ತಲೆತುಂಬ ಕೂದಲು. ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೆ ನಳಿಗೆ ಹಾಕಿದ್ದರು. ಬಾಣಂತನಕ್ಕೆಂದು ಜೂನ್‌ಗೆ ಟಿಕೆಟ್ ಮಾಡಿಸಿದ್ದ ಅವಳ ಅತ್ತೆ, ವಸಿಷ್ಠನ ತಾಯಿ, ಸಿಕ್ಕ ಫ್ಲೈಟ್ ಹತ್ತಿ ಓಡಿಬಂದರು.

ಆ ಆಸ್ಪತ್ರೆಯಲ್ಲಿ ಪ್ರತಿ ಮಗುವಿನ ಪೆಟ್ಟಿಗೆಗೂ ನರ್ಸ್‌ಗಳು ಬಣ್ಣದ ಕಾಗದದಲ್ಲಿ ಹೆಸರು ಬರೆದು ಅಂಟಿಸುತ್ತಿದ್ದರು. ಒಂದರ ಮೇಲೆ ಆಲಿವರ್, ಇನ್ನೊಂದರ ಮೇಲೆ ಸೋಫಿಯಾ. ನಮ್ಮ ಮಗುವಿನ ಪೆಟ್ಟಿಗೆಯ ಮೇಲೆ ‘ಬೇಬಿ ಗರ್ಲ್ ವಸಿಷ್ಠ’. ಹೆಸರೇನು ಹೆಸರೇನು ಎಂದು ದಿನಾ ಕೇಳುತ್ತಿದ್ದರು. ನಮ್ಮಲ್ಲಿ ಹನ್ನೊಂದನೇ ದಿನದವರೆಗೆ ಹೆಸರಿಡುವುದಿಲ್ಲ, ಹುಟ್ಟುವ ಮೊದಲು ಯೋಚಿಸುವುದೂ ಇಲ್ಲ ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದ್ದರು. ಮೊದಲೇ ಹೆಸರು ಹಿಡಿದು ಕರೆದರೆ ದೃಷ್ಟಿ ತಾಗುತ್ತದೆ ಎಂಬುದು ಅವರ ಭಯ. ಅಷ್ಟು ಸಣ್ಣ ಜೀವ ಕಣ್ಣೆದುರು ಒದ್ದಾಡುತ್ತಿರುವಾಗ ಯಾರಿಗೆ ತಾನೇ ಅದನ್ನು ಮೀರುವ ಧೈರ್ಯ ಬರುತ್ತದೆ?

ಹಂಸಿನಿಗೆ ಬಂತು. “ಎಲ್ಲಾರೂ ಅವರವರ ಮಗೂನ ಹೆಸರು ಹಿಡಿದು ಕರೀತಾರೆ ಆಂಟಿ. ನಾನು ಪುಟ್ಟಿ ಪುಟ್ಟಿ ಅಂತೀನಿ. ಪುಟ್ಟಿ ಅಂದರೆ ಯಾರು ಬೇಕಾದ್ರೂ ಆಗಬಹುದು. ಅದಕ್ಕೆ ತನ್ನನ್ನೇ ಕರೀತಿದಾರೆ ಅಂತ ಹೇಗೆ ಗೊತ್ತಾಗಬೇಕು?” ಎಂದಳು ನನ್ನ ಹತ್ತಿರ. ಈಗಲೇ ಹೆಸರಿಡೋಣ ಎಂದು ವಸಿಷ್ಠನನ್ನು ಕೇಳಿದಳು. ಅವನು “ಅಮ್ಮ ಹೇಳಿದ ಹಾಗೆ ಕಾಯೋಣ ಹಂಸಿ, ಇನ್ನು ಸ್ವಲ್ಪ ದಿನ ತಾನೇ” ಎಂದುಬಿಟ್ಟ.

ನಾಮಕರಣಕ್ಕೆ ಇನ್ನು ಮೂರು ದಿನ ಇದೆ ಎನ್ನುವಾಗ ಒಂದು ಮಧ್ಯಾಹ್ನ ಅತ್ತೆ ಬಲವಂತ ಮಾಡಿ, ಬಾಣಂತಿಗೆ ಎಣ್ಣೆನೀರು ಹಾಕಬೇಕೆಂದು ಹಂಸಿನಿಯನ್ನು ಮನೆಗೆ ಹೊರಡಿಸಿದರು. ಕಾರು ನಾನೇ ತಂದಿದ್ದೆ. ವಸಿಷ್ಠ ಮಗುವಿನ ಹತ್ತಿರ ಉಳಿದ. ಮಾರನೆಯ ದಿನ ಬೆಳಿಗ್ಗೆ ಮಗುವಿನ ಉಸಿರು ತಗ್ಗುತ್ತಾ ಬಂತು. ಡಾಕ್ಟರುಗಳು ಓಡಾಡಿದರು. ಮಧ್ಯಾಹ್ನದ ಹೊತ್ತಿಗೆ ನಳಿಗೆ ತೆಗೆದು ಹಂಸಿನಿಯ ಎದೆಯ ಮೇಲೆ ಮಲಗಿಸಿದರು. ಅವಳು ಮಗುವನ್ನು ಮೊದಲ ಸಲ ಎತ್ತಿಕೊಂಡದ್ದು ಹಾಗೆ.

ಎಳೆಗೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಊರಾಚೆಯ ಸ್ಮಶಾನದಲ್ಲಿ ಮಕ್ಕಳದೇ ಒಂದು ಸಾಲಿದೆ. ಅಲ್ಲಿ ಒಂದು ತಗಡಿನ ತುಂಡು ನೆಟ್ಟರು. ಅದರ ಮೇಲೂ ‘ಬೇಬಿ ಗರ್ಲ್ ವಸಿಷ್ಠ’. ಆಮೇಲೆ ಕಲ್ಲು ಹಾಕಿಸಿಕೊಳ್ಳಬಹುದು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡ ಬರದಂತೆ ನೆಲದ ಮಟ್ಟಕ್ಕಿರಬೇಕು ಎಂದು ಅಲ್ಲಿಯವರು ಹೇಳಿ ಕಳಿಸಿದರು.

ಮನೆಗೆ ಬಂದಮೇಲೆ ಅತ್ತೆ ಹೇಳಿದರು: “ಹೆಸರಿಡದ ಕೂಸು. ಅದಕ್ಕೆ ತಿಥಿ ಇಲ್ಲ, ಸೂತಕ ಇಲ್ಲ. ಸ್ನಾನ ಮಾಡಿ ದೀಪ ಹಚ್ಚಿದರೆ ಮುಗೀತು. ಮರೆತುಬಿಡಬೇಕು ಕಣಮ್ಮ.” ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾತು ಕೇಳಿಯೇ ಬಿಡೋಣವೆಂದು ಅಡುಗೆಮನೆಗೆ ನುಗ್ಗಿದರೆ, ಆಕೆ ಬಾಣಂತಿ ಖಾರದ ಪುಡಿಯ ಡಬ್ಬ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಇಬ್ಬರೂ ಕೂತು ಅತ್ತೆವು.

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಹಂಸಿನಿ ಮೇ ತಿಂಗಳು ಹುಟ್ಟುವಾಗಲೇ ಕೆಲಸಕ್ಕೆ ಬಂದಳು. ಅವಳ ವಿಭಾಗದ ಮುಖ್ಯಸ್ಥ ಕುನಾಲ್ ಇಲ್ಲೇ ಹುಟ್ಟಿ ಬೆಳೆದ ಗುಜರಾತಿ ಹುಡುಗ, ಮನಸ್ಸು ಒಳ್ಳೆಯದು. ಪಾಪ ಈಕೆಗೆ ತಲೆನೋವಿರಬಾರದೆಂದು ಆಗ್ನೇಯ ಪೆಸಿಫಿಕ್ ಸಮುದ್ರ ನೋಡಿಕೊಳ್ಳಲು ಕೊಟ್ಟ. ದಕ್ಷಿಣ ಅಮೆರಿಕದ ಚಿಲಿ ದೇಶದ ಪಕ್ಕದ ಕಡಲು ಅದು. ಅಲ್ಲಿ ನೀರು ತಣ್ಣಗೆ ಕೊರೆಯುತ್ತದೆಯಂತೆ. ಚಂಡಮಾರುತಕ್ಕೆ ಬೇಕಾದ ಬಿಸಿ ಇಲ್ಲದ್ದರಿಂದ ಅಲ್ಲಿ ಏನೂ ಏಳುವುದಿಲ್ಲ. ಆ ಡೆಸ್ಕಿನಲ್ಲಿ ಕೂತವರು ಕ್ರಾಸ್‌ವರ್ಡ್ ತುಂಬುತ್ತಾರೆ ಎಂದು ಆಫೀಸಿನಲ್ಲಿ ನಗುತ್ತಿದ್ದರು.

ಅವಳು ಕೂತ ಒಂದೆರಡು ವಾರಕ್ಕೆ ಅಲ್ಲೊಂದು ಎದ್ದಿತು.

ಅವತ್ತು ಸಂಜೆ ಕಾರಿನಲ್ಲಿ ಅವಳು ಫೋನ್ ತೆಗೆದು ಚಿತ್ರ ತೋರಿಸಿದಳು. ಮಗು ಹೋದಮೇಲೆ ಅವಳಾಗಿ ಬಾಯಿಬಿಟ್ಟದ್ದು ಅದೇ ಮೊದಲು. ಬೂದು ಕಡಲಿನ ನಡುವೆ ಬಿಳಿಯದೊಂದು ಪುಟ್ಟ ಸುರುಳಿ. ನನ್ನ ಕಣ್ಣಿಗೆ ಚಕ್ಕುಲಿಯಂತೆ ಕಂಡಿತು. ಹಾಗಂದೆ. ಅವಳು ನಕ್ಕಳು.

“ಇದು ಯಾವ ಜಾತಿ ಅಂತ ಆಫೀಸಲ್ಲಿ ಬೆಳಗಿನಿಂದ ಜಗಳ ಆಂಟಿ” ಎಂದಳು.

“ಮೋಡಕ್ಕೂ ಜಾತಿಯೇನೇ?”

“ಇದೆ. ಕೇಳಿ. ಉಷ್ಣವಲಯದ ಚಂಡಮಾರುತ ಅಂದರೆ ಬಿಸಿ ಕಡಲಿಂದ ಶಕ್ತಿ ತಗೊಳ್ಳೋದು. ಅದರ ಹೊಟ್ಟೆ ಒಳಗೆ ಕೆಳಗಿಂದ ಮೇಲಿನ ತನಕ ಬಿಸಿ. ಇನ್ನೊಂದು ಜಾತಿ ನಮ್ಮ ನ್ಯೂಜೆರ್ಸಿಯ ಚಳಿಗಾಲದ ಬಿರುಗಾಳಿ, ನಾರ್‌ಈಸ್ಟರ್, ಥರದ್ದು. ಬಿಸಿಗಾಳಿ ತಣ್ಣನೆ ಗಾಳಿ ಒಂದಕ್ಕೊಂದು ಗುದ್ದಿಕೊಂಡು ಏಳೋದು, ಅದರ ಹೊಟ್ಟೆ ತಣ್ಣಗಿರುತ್ತೆ. ಇವೆರಡರ ಮಧ್ಯೆ ಮೂರನೇದು, ಉಪೋಷ್ಣ ಅಂತ, ಸಬ್‌ಟ್ರಾಪಿಕಲ್. ಮೇಲೆ ಆಕಾಶದಲ್ಲಿ ತಣ್ಣನೆ ಗಾಳಿ ಮಡುಗಟ್ಟಿ ನಿಂತಿರುತ್ತಲ್ಲ, ಅದರ ಕೆಳಗೆ ಹುಟ್ಟುತ್ತೆ. ಒಳಗೆ ಬಿಸಿ ಇರುತ್ತೆ, ಆದರೆ ಆಳ ಇರಲ್ಲ, ಸ್ವಲ್ಪ ಎತ್ತರದವರೆಗೆ ಮಾತ್ರ.”

“ಇದು ಮೂರನೇದು ಅಂತ ನೀನು.”

“ಹೌದು. ಕುನಾಲ್ ಅಲ್ಲ ಅಂತಾನೆ. ನೀರು ಇಷ್ಟು ತಣ್ಣಗಿದೆ, ಇದು ಇಷ್ಟೇ ಇಷ್ಟಿದೆ, ನಾಳೆಯೋ ನಾಡಿದ್ದೋ ಕರಗಿ ಹೋಗುತ್ತೆ. ಸುಮ್ನೆ ಮಾಮೂಲಿ ವಾಯುಭಾರ ಕುಸಿತ ಅಂತ ಹಾಕಿ ಬಿಟ್ಟುಬಿಡು ಅಂತಾನೆ.”

ಕೊನೆಯ ಮಾತು ಹೇಳುವಾಗ ಅವಳ ದನಿ ಬೇರೆಯಾಗಿತ್ತು.

ಮಾರನೆಯ ದಿನ ಪೇರೋಲ್ ಕೆಲಸ ಬದಿಗಿಟ್ಟು ಕಾಫಿ ನೆಪದಲ್ಲಿ ನಾನೂ ಅವರ ವಿಭಾಗಕ್ಕೆ ಹೋಗಿ ನಿಂತೆ. ಕಂಪ್ಯೂಟರಿನಲ್ಲಿ ಪ್ರತಿ ಕಡಲಿಗೂ ಒಂದೊಂದು ಪುಟ. ಬಿರುಗಾಳಿ ಎದ್ದರೆ ಅದು ಯಾವ ಬಗೆಯದು ಎಂದು ಅಲ್ಲಿ ಆರಿಸಬೇಕು. ಅಟ್ಲಾಂಟಿಕ್ ಪುಟದಲ್ಲಿ ಉಪೋಷ್ಣ ಎಂಬ ಆಯ್ಕೆ ಇದೆ. ಆಗ್ನೇಯ ಪೆಸಿಫಿಕ್ ಪುಟದಲ್ಲಿ ಆ ಆಯ್ಕೆಯನ್ನೇ ಇಟ್ಟಿರಲಿಲ್ಲ. ಅಲ್ಲಿ ಹುಟ್ಟುವುದೇ ಇಲ್ಲ ಎಂದಮೇಲೆ ಯಾಕೆ ಇಡುತ್ತಾರೆ? ಹಂಸಿನಿ ಆ ಆಯ್ಕೆ ಸೇರಿಸಿ ಎಂದು ಪಟ್ಟು ಹಿಡಿದು ಕೂತಿದ್ದಳು. ಸುರುಳಿಗೆ ಬಿಸಿಗಾಳಿ ತಣ್ಣನೆ ಗಾಳಿಯ ಗಡಿರೇಖೆ ಅಂಟಿಕೊಂಡಿಲ್ಲ, ನೋಡು. ನಡುವಿನ ಸುತ್ತ ಗುಡುಗಿನ ಮೋಡ ಕಟ್ಟಿದೆ, ನೋಡು. ಒಳಗಿನ ಉಷ್ಣಾಂಶ ಸುತ್ತಲಿಗಿಂತ ಹೆಚ್ಚಿದೆ, ನೋಡು. ಒಂದೊಂದಾಗಿ ಅವನ ಮುಂದಿಟ್ಟಳು.

ಕುನಾಲ್ ಮೃದುವಾಗಿಯೇ ಇಂಗ್ಲಿಷಿನಲ್ಲಿ ಹೇಳಿದ: ಆ ಕಡಲಲ್ಲಿ ಚಂಡಮಾರುತಕ್ಕೆ ಹೆಸರಿಡುವ ಅಧಿಕಾರ ಜಗತ್ತಿನ ಯಾವ ಕೇಂದ್ರಕ್ಕೂ ಇಲ್ಲ, ಹೆಸರುಗಳ ಪಟ್ಟಿಯೂ ಇಲ್ಲ. ಹೆಸರೇ ಇಲ್ಲದ್ದಕ್ಕೆ ಯಾಕಿಷ್ಟು ಹೋರಾಟ?

“ಹೆಸರಿಲ್ಲ ಅಂದರೆ ಅದು ಇರಲೇ ಇಲ್ಲ ಅಂತಲ್ಲ” ಎಂದಳು ಹಂಸಿನಿ. ಎಷ್ಟು ಜೋರಾಗಿ ಅಂದಳೆಂದರೆ ಆಚೆ ಡೆಸ್ಕಿನವರು ತಿರುಗಿ ನೋಡಿದರು. ಕುನಾಲ್‌ಗೆ ಅರ್ಥವಾಯಿತೋ ಏನೋ, ಅವನ ಮುಖ ಕೆಂಪಾಯಿತು. ಮಧ್ಯಾಹ್ನದೊಳಗೆ ಆ ಪುಟಕ್ಕೆ ಉಪೋಷ್ಣ ಎಂಬ ಆಯ್ಕೆ ಸೇರಿಸಿಕೊಟ್ಟ. ಆ ದಾರಿಯಲ್ಲಿದ್ದ ಹಣ್ಣಿನ ಹಡಗೊಂದಕ್ಕೆ ಅವಳು ಸುತ್ತು ಹಾಕಿಕೊಂಡು ಹೋಗಲು ಹೇಳಿದಳು. ದೂರದಿಂದ ಹಾದರೂ ಗಾಳಿ ಜೋರಾಗಿಯೇ ಬಡಿಯಿತು ಎಂದು ಕ್ಯಾಪ್ಟನ್ ಆಮೇಲೆ ಸುದ್ದಿ ಕಳಿಸಿದ. ಹಂಸಿನಿ ಅದನ್ನೋದಿ ರೆಸ್ಟ್‌ರೂಮಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ವಾರದ ಕೊನೆಗೆ ಅವರ ಮನೆಯಲ್ಲಿ ನನಗೆ ಊಟ. ಸುರುಳಿ ಅಷ್ಟರಲ್ಲಿ ಕರಗಿಹೋಗಿತ್ತು. ನಾನೇ ಸುಮ್ಮನಿರಲಾರದೆ ವಸಿಷ್ಠನಿಗೆ ಹೆಂಡತಿಯ ಪ್ರತಾಪ ವರ್ಣಿಸಿದೆ. ಅವನು ತಟ್ಟೆ ನೋಡುತ್ತಾ ಕೇಳಿಸಿಕೊಂಡ. ಎಂದೂ ಆಫೀಸಿನ ಮಾತು ಕೇಳದವನು ಅವತ್ತು ಕೇಳಿದ.

“ಹೆಸರಿಡೋ ಅಧಿಕಾರ ಯಾರಿಗೂ ಇಲ್ಲವಂತಲ್ಲ ಹಂಸಿ. ಯಾರಾದರೂ ತಾವಾಗೇ ಇಟ್ಟುಬಿಟ್ಟರೆ?”

“ಇಡ್ತಾರೆ. ಮೂರು ವರ್ಷದ ಹಿಂದೆ ಅಲ್ಲೇ ಎದ್ದ ಒಂದಕ್ಕೆ ಯಾರೋ ರಿಸರ್ಚಿನವರು ಒಂದು ಹೆಸರು ಕೊಟ್ಟುಕೊಂಡಿದ್ದರು. ಅದು ಅಧಿಕೃತ ಅಲ್ಲ. ಲೆಕ್ಕಕ್ಕೆ ಬರಲ್ಲ.”

“ಲೆಕ್ಕಕ್ಕೆ ಬರಲ್ಲ” ಎಂದ ವಸಿಷ್ಠ. ಸ್ವಲ್ಪ ಹೊತ್ತು ಅನ್ನ ಕಲಸುತ್ತಲೇ ಇದ್ದ. ಆಮೇಲೆ ಎದ್ದು ಕೈ ತೊಳೆದುಕೊಂಡು ಮಹಡಿಗೆ ಹೋದ. ಮಜ್ಜಿಗೆಗೆ ಕರೆದರೂ ಬರಲಿಲ್ಲ. ಇದೆಂಥ ಮನುಷ್ಯನಪ್ಪಾ ಎಂದು ನಾನು ಮೂಗು ಮುರಿದೆ.

ಅವತ್ತಿನಿಂದ ಹಂಸಿನಿಗೆ ಒಂದೇ ಹಟ. ಮಗುವಿಗೆ ಹೆಸರಿಡಬೇಕು, ಕಲ್ಲು ಹಾಕಿಸಬೇಕು. ವಸಿಷ್ಠ ಒಪ್ಪಲೇ ಇಲ್ಲ. ಅವಳು ಹೆಸರಿನ ಮಾತೆತ್ತಿದ ಕೂಡಲೇ “ಬೇಡ ಹಂಸಿ, ಹೆಸರು ಬೇಡ” ಎಂದು ಎದ್ದು ಹೋಗುತ್ತಿದ್ದ. ಒಂದು ಸಲ ಅವಳು ಅವನ ಬೆನ್ನಿಗೆ ಕೂಗಿದ್ದಳಂತೆ: “ನಿನಗೂ ನಿನ್ನಮ್ಮನಿಗೂ ಅವಳು ಹುಟ್ಟೇ ಇರಲಿಲ್ಲ ಅಲ್ವಾ?” ಅವನು ನಿಂತವನು ತಿರುಗಲಿಲ್ಲ. ಅವನನ್ನು ಬಿಟ್ಟು ಹಂಸಿನಿ ತಾನೇ ಒಂದು ಹೆಸರು ಕೊರೆಸಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ನಾನೂ ಹಾಗೆ ಹೇಳಿಕೊಟ್ಟೆ. “ಹೆಸರು ಅಪ್ಪ ಅಲ್ವಾ ಆಂಟಿ ಕಿವಿಯಲ್ಲಿ ಹೇಳೋದು? ಅವನು ಹೇಳಬೇಕು. ಅವನು ಒಂದು ಸಲ ಬಾಯಿಬಿಟ್ಟು ಹೇಳಲಿ, ನನಗೆ ಅಷ್ಟು ಸಾಕು” ಎಂದಳು.

ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ ಅವಳು ಒಂದು ಹೆಣ್ಣಿತ್ತು ಅನ್ನುತ್ತಿದ್ದಳು, ಅವನು ಸುಮ್ಮನಿರುತ್ತಿದ್ದ. ಒಂದೇ ಮನೆಯಲ್ಲಿ ಇಬ್ಬರೂ ಬಾಡಿಗೆಯವರ ಹಾಗೆ ಇದ್ದರು. ಕಾಫಿ ಮಾತ್ರ ಅವನೇ ಮಾಡಿ, ಅವಳ ಫ್ಲಾಸ್ಕಿಗೆ ತುಂಬಿಸಿ, ನನ್ನ ಕಾರಿನ ಹಾರ್ನ್ ಕೇಳುವಷ್ಟರಲ್ಲಿ ಬಾಗಿಲ ಹತ್ತಿರ ಇಟ್ಟಿರುತ್ತಿದ್ದ. ಅವಳು ತೆಗೆದುಕೊಂಡು ಬಂದು ಅರ್ಧ ನನಗೇ ಕುಡಿಸುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೊಂದರ ಫೆಬ್ರವರಿ ಆರಂಭದಲ್ಲಿ ನಮ್ಮ ಕಡೆ ಮೊಣಕಾಲು ಮುಳುಗುವಷ್ಟು ಹಿಮ ಬಿತ್ತು. ಮನೆ ಮುಂದಿನ ಡ್ರೈವ್‌ವೇ ಕಾಣುತ್ತಿರಲಿಲ್ಲ. ವಸಿಷ್ಠ ಸಲಿಕೆ ಹಿಡಿದು ಹೊರಗೆ ಹೋದ. ಒದ್ದೆ ಹಿಮ, ಕಲ್ಲಿನಷ್ಟು ಭಾರ. ಅರ್ಧ ತೆಗೆದವನು ಸಲಿಕೆಯ ಮೇಲೆ ಒರಗಿ ನಿಂತ, ಹಾಗೇ ಕುಸಿದ. ಒಳಗಿನಿಂದ ಓಡಿಬಂದ ಹಂಸಿನಿ ಹಿಮದಲ್ಲೇ ಕೂತು ಅವನ ಎದೆ ಒತ್ತಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನೂ ನಲವತ್ತು ತುಂಬಿರಲಿಲ್ಲ ಹುಡುಗನಿಗೆ.

ಆ ಸಂಜೆ ಯಾರೋ ಟೀವಿಯಲ್ಲಿ ಹವಾಮಾನದ ಚಾನೆಲ್ ಹಾಕಿದರು. ಆ ಚಾನೆಲ್ಲಿನವರಿಗೆ ಚಳಿಗಾಲದ ಬಿರುಗಾಳಿಗೂ ತಾವೇ ಒಂದು ಹೆಸರಿಡುವ ಚಾಳಿ. ಸರ್ಕಾರದ ಹವಾಮಾನದವರು ಅದನ್ನು ಒಪ್ಪುವುದಿಲ್ಲ, ಆದರೂ ಇಡುತ್ತಾರೆ. ಆ ಹೆಸರನ್ನು ಹತ್ತು ಸಲ ಹೇಳಿ ಸಂಭ್ರಮಪಟ್ಟರು. ನನಗೆ ಬಂದ ಸಿಟ್ಟಿಗೆ ಟೀವಿಯ ವೈರನ್ನೇ ಕಿತ್ತುಬಿಟ್ಟೆ. ಮೂಲೆಯಲ್ಲಿ ಕೂತಿದ್ದ ಹಂಸಿನಿಯ ಕಣ್ಣಲ್ಲಿ ನೀರಿರಲಿಲ್ಲ. “ಅವನು ಹೇಳಲೇ ಇಲ್ಲ ಆಂಟಿ” ಎಂದಳು, ಅಷ್ಟೇ.

ಅವಳು ಮನೆ ಮಾರಲಿಲ್ಲ, ಮೈಸೂರಿಗೂ ಹೋಗಲಿಲ್ಲ. ಮಗು ಇಲ್ಲಿದೆ, ಎಲ್ಲಿಗೆ ಹೋಗಲಿ ಎಂದಳು. ಕಾಫಿ ಬಿಟ್ಟಳು. ಆಗ್ನೇಯ ಪೆಸಿಫಿಕ್ ಡೆಸ್ಕನ್ನು ತಾನೇ ಕೇಳಿ ಇಟ್ಟುಕೊಂಡಳು. ಅಲ್ಲಿ ಮತ್ತೂ ಒಂದೆರಡು ಅಂಥವು ಎದ್ದವು, ಈಗ ಕುನಾಲ್ ತಾನಾಗಿಯೇ ಅವಳನ್ನು ಕರೆದು ಕೇಳುತ್ತಾನೆ.

ಈ ವರ್ಷ, ಎರಡು ಸಾವಿರದ ಇಪ್ಪತ್ತೈದರ ಬೇಸಿಗೆಯಲ್ಲಿ, ನನ್ನ ಮಗಳು ತಾರಿಣಿಗೆ ಗಂಡುಮಗು ಹುಟ್ಟಿತು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಅದೂ ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು, ಅದೇ ಆಸ್ಪತ್ರೆ. ನನ್ನ ಜೀವದಲ್ಲಿ ಜೀವವಿರಲಿಲ್ಲ. ಅಲ್ಲಿ ನೋಡಿಕೊಂಡ ನರ್ಸ್ ಸಲ್ಮಾ ಧಾರವಾಡದ ಕಡೆಯ ಹೆಣ್ಣುಮಗಳು. ‘ಏನೂ ಆಗೂದಿಲ್ರೀ ಅಮ್ಮಾರ’ ಎಂದು ಅವಳು ಒಂದು ಮಾತು ಹೇಳಿದರೆ ನನಗೆ ಹೋದ ಉಸಿರು ಬಂದಂತಾಗುತ್ತಿತ್ತು. ಮೊಮ್ಮಗ ಗಟ್ಟಿಯಾಗಿ ಮನೆಗೆ ಬಂದಮೇಲೆ ನಾಮಕರಣ ಇಟ್ಟುಕೊಂಡು, ಸಲ್ಮಾಳನ್ನು ಬಿಡದೆ ಕರೆದೆ. ಹಂಸಿನಿಯನ್ನು ಕರೆಯಲು ನಾಲಿಗೆ ಹಿಂಜರಿಯಿತು. “ಕರೀದೆ ಇದ್ದರೆ ಜಗಳ ಆಡ್ತೀನಿ” ಎಂದು ಅವಳೇ ಬಂದು ಬೆಳಗಿನಿಂದ ತೊಟ್ಟಿಲಿಗೆ ಹೂ ಕಟ್ಟಿದಳು.

ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆದಾಯಿತು. ಅಳಿಯ ಮಗುವಿನ ಬಲಗಿವಿಗೆ ಬಾಯಿಟ್ಟು ಹೆಸರು ಹೇಳಲು ಬಗ್ಗಿದ. ನಾವೆಲ್ಲ ಫೋನ್ ಹಿಡಿದು ಮುಂದೆ ನುಗ್ಗಿದರೆ, ಸಲ್ಮಾ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ಕಡೆ ತಿರುಗಿ ನಿಂತಳು. ಹಿಂದೆ ನಿಂತಿದ್ದ ಹಂಸಿನಿಗೆ ಅವಳು ಎದುರಾದದ್ದು ಹಾಗೆ. ಸಲ್ಮಾ ಅವಳ ಮುಖವನ್ನೇ ನೋಡಿದಳು.

“ನೀವು ವಸಿಷ್ಠ ಅವರ ಮನಿಯವರಲ್ಲೇನ್ರೀ?”

ಹಂಸಿನಿ ತಲೆಯಾಡಿಸಿದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಸಲ್ಮಾ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

“ನಾ ಮರತಿಲ್ರೀ ಅಕ್ಕಾ. ತಲೀತುಂಬ ಕೂದಲಿತ್ತು ಕೂಸಿಗೆ. ನಿಮ್ಮನ್ನ ಯಾವಾಗರೆ ಕಂಡ್ರ ಒಂದು ಕೇಳಬೇಕಂತಿದ್ದೆ. ತಪ್ಪು ತಿಳೀಬ್ಯಾಡ್ರಿ. ಏನ್ ಹೆಸರಿಟ್ಟಿದ್ರಿ?”

“ಹೆಸರು ಇಡಲಿಲ್ಲ” ಎಂದಳು ಹಂಸಿನಿ.

ಸಲ್ಮಾ ಗಲಿಬಿಲಿಗೊಂಡಳು. “ಹಂಗಲ್ರೀ. ಅವರು ಇಟ್ರಲ್ಲ. ನೀವು ಅವತ್ತ ಮಧ್ಯಾಹ್ನ ಮನಿಗೆ ಹೋಗಿದ್ರಿ. ಅವರು ಪೆಟ್ಟಿಗಿ ಕಿಟಕಿ ತೆರಿ ಅಂತ ನನಗ ಕೇಳಿದ್ರು. ಹೆಸರು ಹೇಳಬೇಕು ಅಂತ ಒಳಗ ಬಗ್ಗಿ ಕೂಸಿನ ಬಲಗಿವಿಗೆ ಬಾಯಿ ಹಚ್ಚಿದ್ರು. ನಮ್ಮಲ್ಲೂ ಹುಟ್ಟಿದ ಕೂಸಿನ ಕಿವ್ಯಾಗ ಮೊದಲು ಬಾಂಗ್, ಅಂದ್ರ ನಮಾಜಿನ ಕರೆ, ಹೇಳ್ತಾರ, ಅದು ದೊಡ್ಡ ಮಾತು. ಅಂಥ ಹೊತ್ನ್ಯಾಗ ನಡುವ ನಿಂದರಬಾರದು ಅಂತ ನಾ ಆ ಕಡೆ ತಿರುಗಿ ನಿಂತೆ. ಅದಕ್ಕ ನನಗ ಕೇಳಿಸಲಿಲ್ಲ. ಏನಿತ್ತರೀ ಹೆಸರು?”

ಒಳಗೆ ಹೆಂಗಸರು ಜೋಗುಳ ಹಾಡಲು ಶುರುಮಾಡಿದ್ದರು. ಹಂಸಿನಿಯ ಮೋರೆ ನೋಡಿ ಸಲ್ಮಾಗೆ ಎಲ್ಲ ತಿಳಿದುಹೋಯಿತು.

“ಯಾ ಅಲ್ಲಾ. ನಿಮಗ ಹೇಳಲೇ ಇಲ್ಲೇನು ಅವರು?” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. “ಮರುದಿನ ಕೂಸಿನ ಉಸಿರು ತಗ್ಗಿದಾಗ ಹೊರಗ ನಿಂತು ಹಣಿ ಬಡಕೊಂಡ್ರು. ‘ತಪ್ಪು ಮಾಡಿಬಿಟ್ಟೆ ಸಿಸ್ಟರ್, ಮೂರು ದಿನ ತಡೀಬೇಕಿತ್ತು, ನಾನೇ ದೃಷ್ಟಿ ತಾಗಿಸಿಬಿಟ್ಟೆ’ ಅಂದ್ರು. ನನಗ ಆಗ ತಿಳೀಲಿಲ್ಲ. ಹಂಗೇನಿಲ್ರೀ ಅಣ್ಣಾರ ಅಂತ ಹೇಳಿ ಒಳಗ ಓಡಿದೆ. ಕೂಸಿನ ಕಡೆ ನೋಡಬೇಕಿತ್ತಲ್ಲ.”

ಅಮ್ಮ ಕಾಯಲು ಹೇಳಿದ್ದಳು, ಹೆಂಡತಿ ಈಗಲೇ ಇಡು ಎಂದಿದ್ದಳು. ಹೆಂಡತಿಯ ಮಾತಿಗೆ ಕರಗಿ, ಯಾರಿಗೂ ಕಾಣದಂತೆ ಮಗಳನ್ನು ಹೆಸರು ಹಿಡಿದು ಕರೆದ. ಮಾರನೆಯ ದಿನವೇ ಮಗು ಹೋಯಿತು. ಆಮೇಲೆ ಆ ಹೆಸರನ್ನು ಅವನ ಬಾಯಿ ಹೇಗೆ ಆಡೀತು? ಲೆಕ್ಕಕ್ಕೆ ಬರಲ್ಲ ಎಂದು ಊಟದ ಮೇಜಿನಲ್ಲಿ ಅವಳೇ ಅಂದಿದ್ದಳಲ್ಲ. ಅವತ್ತು ಅವನು ಅನ್ನ ಕಲಸುತ್ತಲೇ ಇದ್ದದ್ದು ನನಗೆ ನೆನಪಾಯಿತು.

ಹಂಸಿನಿ ಅತ್ತದ್ದು ಆಮೇಲೆ, ನನ್ನ ಕಾರಿನಲ್ಲಿ. ಗಂಡ ಸತ್ತಾಗ ಅಳದವಳು ಅವತ್ತು ಸೀಟ್‌ಬೆಲ್ಟ್ ಹಿಡಿದು ಜಗ್ಗುತ್ತಾ ಅತ್ತಳು. “ಹುಟ್ಟೇ ಇರಲಿಲ್ಲ ಅಲ್ವಾ ಅಂದೆ ಆಂಟಿ ಅವನಿಗೆ. ಅವನಿಗೆ ಅಂದೆ” ಎಂದು ಮತ್ತೆ ಮತ್ತೆ ಅದನ್ನೇ ಹೇಳಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ.

ಅದಾದ ಮೇಲೆ ಕೆಲವು ವಾರ ಅವಳು ಕಾರಿನಲ್ಲಿ ಹೆಸರುಗಳನ್ನು ಹೇಳುತ್ತಿದ್ದಳು. ಅವನಿಗೆ ಅವನ ಅಜ್ಜಿ ಎಂದರೆ ಪ್ರಾಣ, ಅಜ್ಜಿಯ ಹೆಸರಿಟ್ಟಿರಬಹುದಾ? ನದಿಯ ಹೆಸರು ಇಷ್ಟ ಅಂತಿದ್ದ, ತುಂಗಾ? ಕಾವೇರಿ? ಒಂದೊಂದನ್ನೂ ಹೇಳಿ, ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು, “ಇದಲ್ಲ ಅನ್ಸುತ್ತೆ” ಎಂದು ಬಿಟ್ಟುಬಿಡುತ್ತಿದ್ದಳು. ಒಂದು ದಿನ ಅದನ್ನೂ ನಿಲ್ಲಿಸಿದಳು. ತನಗೆ ಗೊತ್ತಿಲ್ಲದ್ದನ್ನು ಊಹೆಯ ಮೇಲೆ ತುಂಬಬಾರದು, ಆಫೀಸಿನಲ್ಲಿ ಹುಡುಗರಿಗೆ ಅದನ್ನೇ ತಾನೇ ಹೇಳಿಕೊಡೋದು ಎಂದಳು.

ಹೋದ ತಿಂಗಳು ಕಲ್ಲು ಹಾಕಿಸಲು ನನ್ನನ್ನೂ ಕರೆದುಕೊಂಡು ಸ್ಮಶಾನಕ್ಕೆ ಹೋದಳು. ಮೇಪಲ್ ಎಲೆ ಹಣ್ಣಾಗಿ ಮಕ್ಕಳ ಸಾಲಿನ ಮೇಲೆಲ್ಲ ಉದುರಿತ್ತು. ಮೊದಲು ಅವಳೊಬ್ಬಳೇ ಹೋಗಿ ತಗಡಿನ ಪಕ್ಕ ಕೂತಳು. ಎಲೆ ಸರಿಸಿ, ನೆಲಕ್ಕೆ ಬಗ್ಗಿ ಹೇಳಿದಳು. “ನಿಮ್ಮಪ್ಪ ನಿನ್ನ ಕಿವೀಲಿ ಏನಂದನೋ ಅದೇ ಕಣೇ ಪುಟ್ಟಿ. ನಿಮ್ಮಿಬ್ಬರಿಗೂ ಗೊತ್ತಲ್ಲ, ಸಾಕು.”

ಕಲ್ಲು ಕೆತ್ತುವವನು ವಯಸ್ಸಾದ ಇಟಾಲಿಯನ್. ಕನ್ನಡಕ ಹಾಕಿಕೊಂಡು ಒಂದೊಂದೇ ಕೇಳಿ ಬರೆದುಕೊಂಡ. ಹುಟ್ಟಿದ ದಿನ ಹೇಳಿದಳು, ಹೋದ ದಿನ ಹೇಳಿದಳು, ವಸಿಷ್ಠ ಮತ್ತು ಹಂಸಿನಿಯ ಮಗಳು ಎಂದು ಬರೆಸಿದಳು. ಮೇಲಿನ ಸಾಲು ಖಾಲಿ ಬಿಡಿ ಎಂದಳು. ಅವನು ಪೆನ್ಸಿಲ್ ನಿಲ್ಲಿಸಿ ತಲೆ ಎತ್ತಿ, ಮೆಲ್ಲಗೆ ಕೇಳಿದ: “ಮಗುವಿಗೆ ಹೆಸರಿರಲಿಲ್ಲವಾ ಅಮ್ಮಾ?”

“ಇದೆ” ಎಂದಳು ಹಂಸಿನಿ. “ನನಗೆ ಗೊತ್ತಿಲ್ಲ, ಅಷ್ಟೇ.”